ಮನೆಯಿಂದ ಹೊರಟ ಬೆಂಕಿ

ಜನವರಿ 1, 1876. ಗ್ರೀನಕ್, ಸ್ಕಾಟ್ಲೆಂಡ್

ಊರಿಗೆ ಊರೇ ಕುಡಿದು ಮಲಗಿದೆ. ಹಡಗುಕಟ್ಟೆಯಲ್ಲಿ ಇವತ್ತು ನೆಟ್ಟಗೆ ನಿಂತಿದ್ದವನು ನಾನೊಬ್ಬನೇ. ನಾಡಿದ್ದು, ನಾನು ಚೀಫ್ ಎಂಜಿನಿಯರ್ ಆಗಿರುವ ‘ಆರ್ಡ್‌ಗೌರ್’ ಹಡಗಿನ ಹೊಸ ಎಂಜಿನ್ನಿನ ಪರೀಕ್ಷೆ. ಹೊಸ ಬಾಯ್ಲರನ್ನು ಒಮ್ಮೆಲೇ ಕಾಯಿಸಿದರೆ ತಗಡುಗಳ ಸಂದು ಬಿಡುತ್ತದೆ, ಇವತ್ತೇ ಬೆಂಕಿ ಹಾಕಿ ಮೆಲ್ಲಗೆ ಬೆಚ್ಚಗಾಗಿಸಬೇಕು. ಅಂಗಡಿಗಳೆಲ್ಲ ಮುಚ್ಚಿವೆ, ಹಡಗಿನಲ್ಲಿದ್ದ ಪುಳ್ಳೆಗಳೆಲ್ಲ ಮಳೆಗೆ ನೆನೆದು ಹೋಗಿವೆ. ಮನೆಯ ಒಲೆಯಲ್ಲಿ ನಿಗಿನಿಗಿ ಕೆಂಡವಿರುವಾಗ ಬೆಂಕಿಗಾಗಿ ಊರೆಲ್ಲ ಅಲೆಯುವುದೇಕೆ? ತಗಡಿನ ಬಕೆಟ್ಟಿನಲ್ಲಿ ಕೆಂಡ ತುಂಬಿಕೊಂಡೆ.

ಎಫ್ಫಿ ಬಾಗಿಲಿಗೆ ಅಡ್ಡ ನಿಂತಳು.

“ಇವತ್ತು ಮನೆಯಿಂದ ಒಂದು ಕಡ್ಡೀನೂ ಹೊರಗೆ ಹೋಗ್ಬಾರ್ದು ಆರ್ಚಿ. ಬೆಂಕಿಯಂತೂ ಬೇಡವೇ ಬೇಡ. ವರ್ಷದ ಮೊದಲ್ನೇ ದಿನ ಬೆಂಕಿ ಕೊಟ್ಟ ಮನೇಲಿ ಆಮೇಲೆ ಯಾರೂ ಬೆಚ್ಚಗಿರಲ್ಲ.”

“ಯಾರಿಗೆ ಕೊಡ್ತಿದೀನಿ? ನನ್ನ ಹಡಗಿಗೆ ತಾನೇ?”

“ಹಡಗು ನಿನ್ನದಲ್ಲ, ಯಜಮಾನರದ್ದು. ಹೊಸ ವರ್ಷಕ್ಕೆ ಇನ್ನೂ ಒಬ್ಬರೂ ಹೊಸ್ತಿಲು ದಾಟಿ ಒಳಗೆ ಬಂದಿಲ್ಲ, ನೀನಾಗಲೇ ಬೆಂಕಿ ಹೊರಗೆ ಹಾಕ್ತಿದೀಯ. ನಾನು ಬಸುರಿ ಅನ್ನೋದಾದ್ರೂ ನೆನಪಿದ್ಯಾ?”

ದ್ವೀಪದಲ್ಲಿ ಹುಟ್ಟಿದವಳು, ತಲೆ ತುಂಬ ಇಂಥವೇ. ಅವಳನ್ನು ಮೆಲ್ಲಗೆ ಸರಿಸಿ ಹೊರಟೆ. ಮೆಟ್ಟಿಲ ಮೇಲೆ ಅವಳ ತಮ್ಮ ಲಾಕ್ಲನ್ ಎದುರಾದ. ಎತ್ತರದ ಆಳು, ಕಪ್ಪು ಕೂದಲು. ವರ್ಷದ ಮೊದಲು ಇಂಥವನೇ ಮನೆಗೆ ಕಾಲಿಡಬೇಕೆಂದು ಬೀದಿಯವರೆಲ್ಲ ಅವನನ್ನು ಕರೆಯುತ್ತಾರೆ. ಒಂದು ಕೈಯಲ್ಲಿ ವಿಸ್ಕಿ, ಇನ್ನೊಂದರಲ್ಲಿ ಶಾಸ್ತ್ರಕ್ಕೆ ಒಂದು ಕಲ್ಲಿದ್ದಲ ತುಂಡು.

“ಅಯ್ಯೋ ಭಾವ, ನಾನು ಕಲ್ಲಿದ್ದಲು ಒಳಗೆ ತರೋ ಹೊತ್ತಿಗೆ ನೀನು ಬೆಂಕೀನೇ ಹೊರಗೆ ತಂದ್ಯಲ್ಲೋ!” ಎಂದು ನಕ್ಕ. ಮೇಲೆ ನಿಂತಿದ್ದ ಎಫ್ಫಿ ನಗಲಿಲ್ಲ. “ಲಾಕೀ, ನೀನು ಆ ಬೆಂಕಿ ಜೊತೇಲೇ ಹೋಗು. ಆರೋಕೆ ಬಿಡಬೇಡ. ಅದೇ ಬೆಂಕೀನ ನನ್ನ ಒಲೆಗೆ ವಾಪಸ್ ತಂದು ಹಾಕು” ಎಂದಳು.

ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳು. ಅವಳ ಮಾತು ಅವನು ಮೀರುವುದಿಲ್ಲ. ಸಂಜೆಯೇ ಬಂದು, ನಮ್ಮ ಹಡಗಿನ ಒಲೆಗೆ ಕಲ್ಲಿದ್ದಲು ಎತ್ತುವ ಕೆಲಸಕ್ಕೆ ಸೇರುತ್ತೇನೆಂದ. ಒಳ್ಳೆಯ ತೋಳು, ಬೇಡವೆನ್ನಲು ನನಗೇನು ಹುಚ್ಚೇ?

ಜನವರಿ 3

ಗೆದ್ದೆವು. ಹಳೆಯ ಎಂಜಿನ್ ಒಂದು ಸಿಲಿಂಡರಿನಲ್ಲಿ ಆವಿಯನ್ನು ದುಡಿಸಿ, ಅರ್ಧ ಬಲವಿರುವಾಗಲೇ ಬಿಟ್ಟುಬಿಡುತ್ತಿತ್ತು. ಅರ್ಧ ಉಂಡ ತಟ್ಟೆಯನ್ನು ಬೀದಿಗೆ ಎಸೆದ ಹಾಗೆ. ಹೊಸದರಲ್ಲಿ ಅದೇ ಆವಿ ಇನ್ನೊಂದು ದೊಡ್ಡ ಸಿಲಿಂಡರಿಗೆ ಹೋಗಿ ಮತ್ತೊಮ್ಮೆ ದುಡಿಯುತ್ತದೆ. ಅದರ ಮೇಲೆ ನನ್ನ ಕೈಕೆಲಸ: ಬಾಯ್ಲರು, ಕೊಳವೆ, ಸಿಲಿಂಡರು ಎಲ್ಲಕ್ಕೂ ದನದ ಕೂದಲಿನ ಕಂಬಳಿ ಸುತ್ತಿ, ಮೇಲೆ ಮರದ ಪಟ್ಟಿ ಬಿಗಿಸಿದ್ದೇನೆ. ಒಂದು ಚೂರು ಬಿಸಿಯೂ ಹೊರಗೆ ಸೋರಬಾರದು.

ಯಜಮಾನರು ನನ್ನ ಕೈಕುಲುಕಿದರು. “ಜಾವಾಕ್ಕೆ ಹೋಗಿ ಸಕ್ಕರೆ ತುಂಬ್ಕೊಂಡು ಬನ್ನಿ ಲ್ಯಾಂಬಿ. ಹಳೇ ಎಂಜಿನ್ ಸುಡ್ತಿದ್ದುದರಲ್ಲಿ ಅರ್ಧಕ್ಕೆ ಇಳಿಸಿದ್ರೆ ನನ್ನೆಲ್ಲ ಹಡಗುಗಳೂ ನಿಮ್ಮ ಕೈಗೆ” ಎಂದರು.

ಆಮೇಲೆ ಒಬ್ಬನೇ ಎಂಜಿನ್ನಿನ ಸುತ್ತ ಬಂದೆ. ಓಡುತ್ತಿರುವ ಬೇರಿಂಗುಗಳನ್ನು ಒಂದೊಂದಾಗಿ ಅಂಗೈಯಿಂದ ಮುಟ್ಟಿ ನೋಡುವುದು ನಮ್ಮ ಕಸುಬಿನ ಪದ್ಧತಿ. ಬಿಸಿ ಎಷ್ಟಿದೆ ಎಂದು ಚರ್ಮವೇ ಹೇಳಬೇಕು. ನನ್ನಪ್ಪ ಉಷ್ಣಮಾಪಕ ಹಿಡಿದವರನ್ನು ಕಂಡರೆ ಮೂಗು ಮುರಿಯುತ್ತಿದ್ದ. ನನ್ನ ಅಂಗೈ ಅವನದಕ್ಕಿಂತ ಚುರುಕು ಎಂಬ ಜಂಬ ನನಗಿದೆ.

ಜನವರಿ 19. ಸಮುದ್ರದಲ್ಲಿ

ಬಿರುಗಾಳಿ. ಎಲ್ಲರೂ ಒಲೆಗಳ ಮುಂದೆ ಬಂದು ಸೇರುತ್ತಾರೆ, ಹಡಗಿನಲ್ಲಿ ಬೆಚ್ಚಗಿರುವುದು ಅದೊಂದೇ ಜಾಗ. ಲಾಕ್ಲನ್ ಸಲಿಕೆಯನ್ನು ತೊಳೆದು ಅದರ ಮೇಲೆ ಹೆರಿಂಗ್ ಮೀನು ಇಟ್ಟು ಒಲೆಯ ಬಾಯಿಗೆ ಹಿಡಿದ. ಚುರ್ ಎಂದಿತು. ನನಗೂ ಒಂದು ಕೊಟ್ಟ. ಹೊಟ್ಟೆ ತುಂಬ ತಿಂದೆ, ಜೀವಕ್ಕೆ ಹಿತವಾಯಿತು. ಕುಕ್ಕನ ಬೆಕ್ಕು ನನ್ನ ತೊಡೆಯ ಮೇಲೆ ಮಲಗಿತ್ತು.

ನಡುವಿನ ಒಲೆಯನ್ನು ಅವನು ‘ಅಕ್ಕನ ಒಲೆ’ ಎನ್ನುತ್ತಾನೆ. ಬೂದಿ ತೆಗೆಯುವಾಗ ಒಂದು ಹಿಡಿ ಕೆಂಡವನ್ನು ಪಕ್ಕಕ್ಕೆ ಎಳೆದಿಟ್ಟು, ಅದರಿಂದಲೇ ಮತ್ತೆ ಹೊತ್ತಿಸುತ್ತಾನೆ. ಸೆಕೆಂಡ್ ಎಂಜಿನಿಯರ್ ಟುಲಕ್ ಅವನನ್ನು “ಏನಪ್ಪಾ ಪೂಜಾರಿ” ಎಂದು ಕಾಡುತ್ತಾನೆ.

ಜನವರಿ 30

ನಂಬಲಾಗುತ್ತಿಲ್ಲ. ಅರ್ಧವಲ್ಲ, ಅರ್ಧಕ್ಕಿಂತ ಕಡಿಮೆ. ಕ್ಯಾಪ್ಟನ್ ಪಿಟ್‌ಕೆರ್ನ್ ತಾವೇ ಇಳಿದು ಬಂದು ಕಲ್ಲಿದ್ದಲ ರಾಶಿ ನೋಡಿ, “ಇದೇನ್ರೀ ಲ್ಯಾಂಬಿ, ಗಾಳಿ ಸುಟ್ಟು ಓಡಿಸ್ತಿದೀರಾ?” ಎಂದರು. ಒಂದು ಸಲಿಕೆ ಹಾಕಿದರೆ ಸಾಕು, ಬೆಂಕಿ ಹಿಡಿದುಕೊಂಡು ಕೂರುತ್ತದೆ. ಆವಿಯ ಒತ್ತಡ ತೋರಿಸುವ ಮುಳ್ಳು ಅಲುಗುವುದಿಲ್ಲ.

ಜ್ವಾಲೆಯ ಬಣ್ಣ ಮಾತ್ರ ಬೇರೆ. ಕೆಂಪಿಲ್ಲ, ಅಕ್ಕಿ ತೊಳೆದ ನೀರಿನಂತೆ ಬಿಳಿಚಿಕೊಂಡಿದೆ. ಪೂರ್ತಿ ಉರಿಯುವ ಬೆಂಕಿಯ ಲಕ್ಷಣ ಅದೇ ಇರಬೇಕು.

ಫೆಬ್ರುವರಿ 6. ಪೋರ್ಟ್ ಸೈದ್

ಎಲ್ಲ ಹಡಗುಗಳೂ ಕಲ್ಲಿದ್ದಲು ತುಂಬಿಸಿಕೊಳ್ಳುತ್ತಿದ್ದವು. ನಾವು ತುಂಬಿಸಿಕೊಳ್ಳದೆ ಸೂಯೆಜ್ ಕಾಲುವೆಗೆ ಹೊರಟೆವು. ಜೀವನದಲ್ಲಿ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ, ಮದುವೆಯ ದಿನವೂ. ಇದನ್ನು ಎಫ್ಫಿ ಓದಬಾರದು.

ಫೆಬ್ರುವರಿ 15

ಒಲೆಯವರದು ದೂರು: ಚಳಿಯಂತೆ! ಕೆಂಪು ಸಮುದ್ರದಲ್ಲಿ, ಬಾಯ್ಲರಿನ ಮುಂದೆ ನಿಂತು, ಚಳಿ! ಅಲ್ಲಿ ಜನ ಬಿಸಿಗೆ ತಲೆಕೆಟ್ಟು ಸಮುದ್ರಕ್ಕೆ ಹಾರಿದ್ದನ್ನು ನಾನು ಕಂಡಿದ್ದೇನೆ. ಇಳಿದು ನೋಡಿದೆ. ಇಬ್ಬರು ಕೋಟು ಹಾಕಿಕೊಂಡೇ ಸಲಿಕೆ ಹಿಡಿದಿದ್ದರು. ಒಲೆಯ ಬಾಗಿಲ ಹಿಡಿಕೆಯ ಮೇಲೆ ಇಬ್ಬನಿ ಕೂತಿತ್ತು.

ಅವರಿಗೆ ಅರ್ಥವಾಗುವಂತೆ ಹೇಳಿದೆ: “ನೋಡ್ರಯ್ಯಾ, ನೀವು ಇಷ್ಟು ವರ್ಷ ಕಾಯಿಸ್ಕೊಳ್ತಿದ್ದದ್ದು ಪೋಲಾಗಿ ಹೋಗ್ತಿದ್ದ ಬಿಸಿ. ಈಗ ಒಂದು ಚೂರೂ ಪೋಲಾಗ್ತಿಲ್ಲ. ಚಳಿ ಆಗ್ತಿದೆ ಅಂದ್ರೆ ಎಂಜಿನ್ ಸರಿಯಾಗಿ ಕೆಲಸ ಮಾಡ್ತಿದೆ ಅಂತ.”

“ಹಂಗಾದ್ರೆ ನಾವು ಹೆಪ್ಪುಗಟ್ಟಿದ ದಿನ ನಿಮಗೆ ಬಹುಮಾನ ಸಿಗುತ್ತೆ, ಚೀಫ್” ಎಂದ ಟುಲಕ್.

ಆಳುಗಳೆದುರು ಇಂಥ ಮಾತು. ಬೈದೆ. ಒಲೆಯಲ್ಲಿ ಮೀನು ಸುಡುವುದು, ಬಾಯ್ಲರಿನ ಮೇಲೆ ಬಟ್ಟೆ ಒಣಗಿಸುವುದು, ಟೀ ಪಾತ್ರೆ ಇಡುವುದು, ಇವತ್ತಿನಿಂದ ಎಲ್ಲ ಬಂದ್. ಬಿಸಿ ಕದಿಯುವುದೂ ಕಳ್ಳತನವೇ.

ಫೆಬ್ರುವರಿ 24

ಕುಕ್ ನನಗೆ ಬೇಕೆಂದೇ ತಣ್ಣನೆಯ ಟೀ ಕೊಡುತ್ತಿದ್ದಾನೆ. ಕಣ್ಣೆದುರೇ ಕುದಿಸಿ ಬಗ್ಗಿಸಿದ, ಹೊಗೆಯಾಡುತ್ತಿತ್ತು, ನಾನು ಲೋಟ ಎತ್ತಿ ತುಟಿಗಿಡುವಷ್ಟರಲ್ಲಿ ಕೊರೆಯುತ್ತಿತ್ತು. ಏನೋ ಕೈಚಳಕ. ಬೆಕ್ಕನ್ನೂ ನನ್ನ ಮೇಲೆ ಎತ್ತಿಕಟ್ಟಿದ್ದಾನೆ, ಕರೆದರೆ ಬರುವುದಿಲ್ಲ.

ಮಾರ್ಚ್ 2

ಲಾಕ್ಲನ್ ಕದ್ದು ಮೀನು ಸುಡುತ್ತಿದ್ದ. ಹಿಡಿದೆ. ಬೈಯುವ ಮುಂಚೆ ಬಗ್ಗಿ ಒಲೆಯೊಳಗೆ ನೋಡಿದೆ. ಸಲಿಕೆ ಒಲೆಯೊಳಗೇ ಇತ್ತು, ಸುತ್ತ ಬೆಂಕಿ ಉರಿಯುತ್ತಿತ್ತು. ಮೀನು ಹಸಿಯಾಗಿಯೇ ಇತ್ತು, ಕಣ್ಣು ಕೂಡ ಬಿಳಿಯಾಗಿರಲಿಲ್ಲ.

“ಬೆಳಗ್ಗೆಯಿಂದ ಇಟ್ಟಿದೀನಿ ಚೀಫ್” ಎಂದ. ಹಡಗಿನಲ್ಲಿ ಅವನು ನನ್ನನ್ನು ಭಾವ ಎನ್ನುವುದಿಲ್ಲ. “ಇದು ಅಕ್ಕನ ಬೆಂಕಿ. ಮನೇಲಿದ್ದಾಗ ಕೈ ಸುಡ್ತಿತ್ತು. ಇದಕ್ಕೇನಾಗಿದೆ?”

ಸಲಿಕೆಯ ಕಬ್ಬಿಣ ದಪ್ಪವಿರಬೇಕು ಎಂದೆ. ಸರಿಯಾದ ಉತ್ತರವಲ್ಲ, ನನಗೂ ಗೊತ್ತು. ಆದರೆ ಎಂಜಿನ್ ಓಡುತ್ತಿದೆ.

ಮಾರ್ಚ್ 9. ಸುರಬಾಯ, ಜಾವಾ

ಒಲೆಯವರಲ್ಲಿ ಇಬ್ಬರು ಓಡಿಹೋದರು. ಕೂಲಿಯನ್ನೂ ಕೇಳಲಿಲ್ಲ. ಲಾಕ್ಲನ್‌ಗೂ ಹೋಗೆಂದು ಟುಲಕ್ ಹೇಳಿದನಂತೆ, ಅವನು ಒಪ್ಪಲಿಲ್ಲವಂತೆ. “ಬೆಂಕಿ ಬಿಟ್ಟು ಹೋದ್ರೆ ಅಕ್ಕನ ಮುಖ ಹೇಗೆ ನೋಡ್ಲಿ?” ಎಂದನಂತೆ. ಬಂದರಿನಲ್ಲಿ ದೊಡ್ಡ ಒಲೆಗಳನ್ನು ಆರಿಸಿದಾಗ ಅವನು ಆ ಕೆಂಡವನ್ನು ಬಕೆಟ್ಟಿನಲ್ಲಿ ಹೊತ್ತು, ಭಾರ ಎತ್ತುವ ಯಂತ್ರದ ಚಿಕ್ಕ ಬಾಯ್ಲರಿಗೆ ಹಾಕಿ ಕಾಯುತ್ತಿದ್ದಾನೆ. ಸೊರಗಿದ್ದಾನೆ, ಹಾಡುವುದನ್ನು ನಿಲ್ಲಿಸಿದ್ದಾನೆ.

ಏಪ್ರಿಲ್ 4

ಸಕ್ಕರೆ ಬರುವುದು ತಡ. ಎಫ್ಫಿಯ ಕಾಗದ ಬಂತು. ಮನೆಯಲ್ಲಿ ಬೆಂಕಿ ಉರಿದರೂ ಕಾವು ಹುಟ್ಟುವುದಿಲ್ಲವಂತೆ. ನೀರು ಕುದಿಯುವಷ್ಟರಲ್ಲಿ ಮಧ್ಯಾಹ್ನವಾಗುತ್ತದಂತೆ. ಹೊಟ್ಟೆಯಲ್ಲಿರುವ ಮಗು ಒಲೆಯ ಕಡೆಗೇ ಹೊರಳುತ್ತದಂತೆ. ‘ಬೇಗ ಬಾ, ಬೆಂಕಿ ತಾ’ ಎಂದಷ್ಟೇ ಕೊನೆಗೆ.

ಊರಿನಲ್ಲಿ ಅವಳಿಗೆ ಕಲ್ಲಿದ್ದಲು ಮಾರುವವನು ಮೋಸ ಮಾಡುತ್ತಿದ್ದಾನೆ, ಒದ್ದೆ ಮಾಲು. ಊರಿಗೆ ಹೋದ ಮೇಲೆ ಅವನಿಗೆ ತಕ್ಕ ಶಾಸ್ತಿ ಮಾಡುತ್ತೇನೆ.

ಏಪ್ರಿಲ್ 20. ಸಮುದ್ರದಲ್ಲಿ

ಇವತ್ತು ದೊಡ್ಡ ಬೇರಿಂಗಿನ ಮೇಲೆ ಕೈಯಿಟ್ಟು ನಿಂತಿದ್ದೆ. ತಂಪಾಗಿತ್ತು, ಹಿತವಾಗಿತ್ತು. ಟುಲಕ್ ಓಡಿ ಬಂದು ನನ್ನ ತೋಳು ಹಿಡಿದು ಎಳೆದ.

“ಚೀಫ್, ಹೊಗೆ ಬರ್ತಿದೆ ಕಾಣ್ಸಲ್ವಾ? ಎಣ್ಣೆ ಸುಡ್ತಿದೆ!”

ಎಣ್ಣೆ ಸುಡುತ್ತಿದ್ದುದು ನಿಜ. ನನ್ನ ಅಂಗೈ ಚರ್ಮ ಬಿಳಿಚಿ, ಗುಳ್ಳೆಯೆದ್ದು ಸುಲಿದಿತ್ತು. ನೋವಿಲ್ಲ. ಟುಲಕ್ ಬಟ್ಟೆ ಕಟ್ಟುವಾಗ ನಡುಗುತ್ತಿದ್ದ, ಪಾಪ, ಹೆದರಿದ್ದನೆಂದು ಕಾಣುತ್ತದೆ. ಕಟ್ಟಿದ ಕೂಡಲೇ ಕೈಗಳನ್ನು ಕಂಕುಳಲ್ಲಿ ತುರುಕಿಕೊಂಡು ಮೇಲೆ ಬಿಸಿಲಿಗೆ ಹೋದ.

ಸೋಪಿನಿಂದ ಚರ್ಮ ಮೆತ್ತಗಾಗಿರಬೇಕು. ಇನ್ನು ಮೇಲೆ ಎಡಗೈ ಬಳಸುತ್ತೇನೆ.

ಏಪ್ರಿಲ್ 29

ಏಡನ್ ಬಂದರನ್ನೂ ದಾಟಿದೆವು, ಅಲ್ಲೂ ಕಲ್ಲಿದ್ದಲು ತುಂಬಿಸಿಕೊಳ್ಳಲಿಲ್ಲ.

ಮೇ 3. ಕೆಂಪು ಸಮುದ್ರ

ಲಾಕ್ಲನ್ ಬಿದ್ದಿದ್ದಾನೆ. ಅಕ್ಕನ ಒಲೆಯ ಮುಂದೆ ಸಲಿಕೆ ಹಿಡಿದೇ ಕುಸಿದನಂತೆ. ಮೇಲೆ ಡೆಕ್ಕಿನ ಡಾಂಬರು ಕರಗುತ್ತಿದೆ, ಕ್ಯಾಪ್ಟನ್ ಅಂಗಿ ಬಿಚ್ಚಿ ಕೂತಿದ್ದಾರೆ. ಇವನ ಹಲ್ಲು ಕಟಕಟ ಎನ್ನುತ್ತಿದೆ, ತುಟಿ ನೀಲಿ. ಕಂಬಳಿ ಮೇಲೆ ಕಂಬಳಿ ಹೊದೆಸಿ ಬಿಸಿಲಲ್ಲಿ ಮಲಗಿಸಿದ್ದಾರೆ. ಟುಲಕ್ ಬಂದು ಮೆಲ್ಲನೆ ಕೇಳಿದ: “ಒಂದೇ ಒಂದು ದಿನ ಬಾಯ್ಲರಿಗೆ ಕಂಬಳಿ ಸುತ್ತಿರೋದನ್ನೆಲ್ಲ ಬಿಚ್ಚಿಬಿಡೋಣ ಚೀಫ್. ಬಿಸಿ ಸೋರಲಿ. ಹುಡುಗರು ಸ್ವಲ್ಪ ಕಾಯಿಸ್ಕೊಳ್ಳಲಿ.”

ಬಿಚ್ಚಲು ಹೇಳಿದೆ. ಕಲ್ಲಿದ್ದಲು ಉಳಿಸಿದ ಲೆಕ್ಕ ಹಾಳಾಗುತ್ತದೆಂದು ಗೊತ್ತಿತ್ತು, ಆದರೂ ಹೇಳಿದೆ. ಅವನು ಎಫ್ಫಿಯ ತಮ್ಮ. ನನಗೂ ಅವನೆಂದರೆ ಪ್ರಾಣ.

ಬಾಯ್ಲರಿನ ಬರಿಯ ಕಬ್ಬಿಣಕ್ಕೆ ಬೆನ್ನು ತಾಗಿಸಿ ಕೂರಿಸಿದೆವು. ಒಳಗೆ ನೀರು ಕುದಿಯುವ ಸದ್ದು ಕೇಳುತ್ತಿತ್ತು. ಕಬ್ಬಿಣ ಬೆಚ್ಚಗಾಗಲಿಲ್ಲ.

ಮೇ 4

ಹಗಲೆಲ್ಲ ಅವನ ಪಕ್ಕದಲ್ಲಿದ್ದೆ. ಎರಡೂ ಕೈಯಿಂದ ಅವನ ಕೈ ಹಿಡಿದು ತಿಕ್ಕಿದೆ, ಬೆಚ್ಚಗಾಗಲಿ ಎಂದು. ಅವನು ಎಳೆದುಕೊಳ್ಳಲು ನೋಡುತ್ತಿದ್ದ. ಚಿಕ್ಕಂದಿನಿಂದಲೂ ಸಂಕೋಚದವನು.

ಬಹಳ ದಿನದ ಮೇಲೆ ‘ಭಾವ’ ಎಂದ.

“ಭಾವ, ಅಕ್ಕಂಗೆ ಬೆಂಕಿ ತಗೊಂಡೋಗ್ತೀಯಲ್ಲ? ಬಕೆಟ್ಟು ಒಲೆ ಪಕ್ಕದಲ್ಲೇ ನೇತುಹಾಕಿದೀನಿ. ಮಧ್ಯದ ಒಲೆ. ಬೇರೇದಲ್ಲ.”

“ನೀನೇ ತಗೊಂಡೋಗ್ತೀಯೋ, ಸುಮ್ನಿರು.”

“ಮಾತು ಕೊಡು. ಮತ್ತೆ... ಭಾವ, ಬೇಜಾರು ಮಾಡ್ಕೋಬೇಡ. ಕೈ ಬಿಡೋ. ನಿನ್ನ ಕೈ ತಡ್ಕೊಳ್ಳೋಕಾಗ್ತಿಲ್ಲ.”

ಜ್ವರದ ಬಡಬಡಿಕೆ. ಮಾತು ಕೊಟ್ಟೆ. ಕೈ ಮಾತ್ರ ಬಿಡಲಿಲ್ಲ. ಇಂಥ ಹೊತ್ತಿನಲ್ಲಿ ಯಾರಾದರೂ ಬಿಡುತ್ತಾರೆಯೇ? ಬಿಸಿಲು ಇಳಿಯುವಾಗ ಹೋದ. ಅಳಬೇಕೆಂದು ಕೂತೆ, ಅಳು ಬರಲಿಲ್ಲ. ದುಃಖ ಎದೆಯಲ್ಲಿ ಎಲ್ಲೋ ಇದೆ, ಮುಟ್ಟಲು ಆಗುತ್ತಿಲ್ಲ.

ಮೇ 5

ಸಮುದ್ರಕ್ಕೆ ಬಿಟ್ಟೆವು. ಕ್ಯಾಪ್ಟನ್ ಪ್ರಾರ್ಥನೆ ಓದಿದರು. ಸೂಯೆಜ್‌ನಿಂದ ಮನೆಗೆ ತಂತಿ ಕಳಿಸುತ್ತಾರೆ. ಯಾರೂ ನನ್ನ ಪಕ್ಕ ನಿಲ್ಲಲಿಲ್ಲ.

ನಿನ್ನೆಯದು ಇಡೀ ಪ್ರಯಾಣದಲ್ಲೇ ಅತಿ ಕಡಿಮೆ ಕಲ್ಲಿದ್ದಲು ಸುಟ್ಟ ದಿನ. ಕಂಬಳಿ ಬಿಚ್ಚಿದ್ದರೂ! ಏಕೆಂದು ತಿಳಿಯದು.

ಮೇ 27. ಕ್ಲೈಡ್ ನದೀಮುಖ, ಊರಿನ ಹತ್ತಿರ

ನನ್ನ ಬದುಕಿನ ಅತ್ಯುತ್ತಮ ಕೆಲಸ ಇವತ್ತು ಮಾಡಿದೆ. ಊರು ಇನ್ನೂ ದೂರವಿರುವಾಗಲೇ ಎಲ್ಲ ಒಲೆಗಳ ಬೆಂಕಿಯನ್ನೂ ಹೊರಗೆಳೆದು ನೀರು ಹಾಕಿಸಿದೆ. ಬಾಯ್ಲರಿನಲ್ಲಿ ಉಳಿದ ಆವಿಯಿಂದಲೇ ಬಂದರು ಮುಟ್ಟಬಹುದೆಂದು ನನ್ನ ಅಂದಾಜು. ಮುಟ್ಟಿದೆವು!

ನೀರು ಹಾಕುವ ಮುಂಚೆ ಟುಲಕ್ ಕೇಳಿದ್ದ: “ಮಧ್ಯದ್ದೂ ಆರಿಸೋದಾ? ಲಾಕೀದು?”

“ಬಂದರಿಗೆ ಹೋಗೋಕೆ ಒಲೆ ಬೇಕಾಗಿಲ್ಲ ಅಂದ್ಮೇಲೆ ಒಂದಾದ್ರೇನು, ಮೂರಾದ್ರೇನು? ಎಲ್ಲ ಆರಿಸು.”

ಅವನು ಸಲಿಕೆ ಕೆಳಗಿಟ್ಟು ಮೇಲಕ್ಕೆ ಹೋಗಿಬಿಟ್ಟ. ಮಧ್ಯದ್ದನ್ನು ನಾನೇ ಎಳೆದು ನೀರು ಹೊಯ್ದೆ. ಕೆಂಡ ಸೊಂಯ್ ಎಂದಿತು, ಬಹಳ ಹೊತ್ತು ಎಂದಿತು. ಆಮೇಲೆ ಗೋಡೆಯ ಮೇಲೆ ಬಕೆಟ್ಟು ಕಂಡು ಲಾಕ್ಲನ್‌ಗೆ ಕೊಟ್ಟ ಮಾತು ನೆನಪಾಯಿತು. ಒಲೆಗಳು ಅಷ್ಟರಲ್ಲಿ ಕಪ್ಪಾಗಿದ್ದವು. ಏನು ಮಾಡುವುದು, ಬೆಂಕಿ ಎಲ್ಲಿಯಾದರೂ ಸಿಗುತ್ತದೆ.

ಮೇ 28. ಮನೆ

ಗಂಡುಮಗು. ಹುಟ್ಟಿ ಎರಡು ವಾರವಾಗಿದೆ. ಲಾಕ್ಲನ್ ಎಂದೇ ಹೆಸರಿಟ್ಟಿದ್ದಾಳೆ.

ಎಫ್ಫಿ ಬಾಗಿಲು ತೆರೆದು ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.

“ಬಕೆಟ್ಟು ಎಲ್ಲಿ?”

“ಎಫ್ಫಿ, ಕೂತ್ಕೋ. ಲಾಕ್ಲನ್...”

“ತಂತಿ ಬಂತು. ಅತ್ತಾಯ್ತು. ಅವನನ್ನಂತೂ ಸಮುದ್ರಕ್ಕೆ ಹಾಕಿ ಬಂದೆ. ಬೆಂಕಿ ಎಲ್ಲಿ ಆರ್ಚಿ?”

ಹೇಳಿದೆ. ಅವಳು ಕೂಗಾಡುತ್ತಾಳೆಂದುಕೊಂಡಿದ್ದೆ. ಮಗುವನ್ನು ಶಾಲಿನೊಳಗೆ ಎಳೆದುಕೊಂಡು ಒಲೆಯ ಪಕ್ಕ ಕೂತುಬಿಟ್ಟಳು. ತೆಳ್ಳಗಾಗಿದ್ದಾಳೆ, ಮೂರು ಶಾಲು ಹೊದ್ದಿದ್ದಾಳೆ. ಮಗುವನ್ನು ಕೇಳಿದರೆ ಕೊಡಲಿಲ್ಲ.

“ಮೊದಲು ಕೈ ಬೆಚ್ಚಗೆ ಮಾಡ್ಕೋ” ಎಂದಳು. ಒಲೆಗೆ ಕೈ ಹಿಡಿದೆ. ಉರಿ ಒಂದು ಗೇಣು ಹಿಂದೆ ಸರಿದಂತೆ ಕಂಡಿತು.

ಜೂನ್ 6

ಯಜಮಾನರು ತಮ್ಮ ಆರೂ ಹಡಗುಗಳನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಹೇಳಿದೆ, ಎಫ್ಫಿ “ಸರಿ” ಎಂದಳು. ಮಗು ಸದಾ ಅಳುತ್ತದೆ. ಅವಳು ಅದನ್ನು ಮೈಗೆ ಕಟ್ಟಿಕೊಂಡೇ ಅಡುಗೆ ಮಾಡುತ್ತಾಳೆ, ಅದನ್ನು ತಬ್ಬಿಕೊಂಡೇ ಮಲಗುತ್ತಾಳೆ. ನಾನು ಒಂದು ಹೆಜ್ಜೆ ಮುಂದಿಟ್ಟರೆ ಅವಳು ಒಂದು ಹೆಜ್ಜೆ ಹಿಂದೆ. ನನಗೆ ಬೇಸರವಾಗುತ್ತದೆ. ನನ್ನದೇ ಮಗು.

ಒಂದು ಸಮಾಧಾನ: ನಾನು ಬಂದ ಮೇಲೆ ಮನೆಯ ಕಲ್ಲಿದ್ದಲ ಬುಟ್ಟಿ ಅರ್ಧಕ್ಕೂ ಇಳಿದಿಲ್ಲ.

ಜೂನ್ 11, ಭಾನುವಾರ

ಎಫ್ಫಿಗೆ ಮೈ ಹುಷಾರಿಲ್ಲ. ಮಧ್ಯಾಹ್ನ ಕೂತಲ್ಲೇ ನಿದ್ದೆ ಹೋದಳು, ತೋಳು ಸಡಿಲವಾಯಿತು. ಮಗು ಜಾರುತ್ತಿತ್ತು, ಎತ್ತಿಕೊಂಡೆ. ಮೊದಲ ಸಲ ಎತ್ತಿಕೊಂಡದ್ದು.

ಏನು ಹೇಳಲಿ! ಬಿಸಿ! ಸುಟ್ಟ ಅಂಗೈಗೆ ಬಿಸಿ ತಿಳಿಯಿತು. ಎಷ್ಟು ತಿಂಗಳಾಗಿತ್ತು. ಚಿಕ್ಕ ಬೆನ್ನಿನಿಂದ ನನ್ನ ಕೈಗೆ, ಕೈಯಿಂದ ತೋಳಿಗೆ, ಎದೆಗೆ. ಅಷ್ಟು ದಿನ ಸಿಗದಿದ್ದ ಅಳು ಬಂತು. ಲಾಕ್ಲನ್ ನೆನಪಾಗಿ ಬಿಕ್ಕಿ ಬಿಕ್ಕಿ ಅತ್ತೆ. ಮಗುವೂ ಜೊತೆಗೆ ಅತ್ತಿತು, ಜೋರಾಗಿ, ಆಮೇಲೆ ಸಣ್ಣಗೆ.

ಈಗ ಎಡಗೈಯಲ್ಲಿ ಅದನ್ನು ಎದೆಗೊತ್ತಿಕೊಂಡು ಬಲಗೈಯಲ್ಲಿ ಬರೆಯುತ್ತಿದ್ದೇನೆ. ನನ್ನ ಮೈಯೆಲ್ಲ ಬೆಚ್ಚಗಿದೆ, ಕೆನ್ನೆ ಕೂಡ. ಎಫ್ಫಿಯ ಕೈಯಲ್ಲಿ ಒಂದು ಗಳಿಗೆಯೂ ಸುಮ್ಮನಿರದ ಮಗು ಈಗ ಎಷ್ಟೋ ಹೊತ್ತಿನಿಂದ ಅಲುಗಿಲ್ಲ. ಅವಳು ಎದ್ದ ಕೂಡಲೇ ತೋರಿಸಬೇಕು.